ಸದರಿ ಕುತ್ತಿಗೆಯ ಮೇಲೆ ತಕರಾರಿಲ್ಲ

ದೇವದುರ್ಗದ ತಾಲೂಕು ಕಚೇರಿಯ ಎದುರು, ಬೇವಿನ ಮರದ ಕೆಳಗೆ ಕೂತು ಅರ್ಜಿ ಬರೆಯುವ ಶಂಭುಲಿಂಗಪ್ಪನಿಗೆ ಲೋಕದ ಎಲ್ಲ ಮಾತುಗಳೂ ಬರುತ್ತಿದ್ದವು, ಒಂದನ್ನು ಬಿಟ್ಟು. ಆ ಒಂದು ಮಾತು ‘ಗೊತ್ತಿಲ್ಲ’. ಇಪ್ಪತ್ತಾರು ವರ್ಷದ ವೃತ್ತಿಯಲ್ಲಿ ಅದನ್ನು ಆತ ಒಮ್ಮೆಯೂ ಬಾಯಿಂದ ಹೊರಗೆ ಬಿಟ್ಟವನಲ್ಲ. ಪಹಣಿಯ ಬಗ್ಗೆ ಕೇಳಿದರೂ ಹೇಳುತ್ತಿದ್ದ, ಪಿಂಚಣಿಯ ಬಗ್ಗೆ ಕೇಳಿದರೂ ಹೇಳುತ್ತಿದ್ದ, ಎಮ್ಮೆ ಮೇವು ಬಿಟ್ಟಿದೆ ಏನು ಮಾಡಲಿ ಎಂದು ಯಾರಾದರೂ ದಾರಿ ತಪ್ಪಿ ಬಂದು ಕೇಳಿದರೆ ಅದಕ್ಕೂ ಹೇಳುತ್ತಿದ್ದ. ಹೇಳಿದ್ದು ಸರಿಯೋ ತಪ್ಪೋ ಎಂಬುದು ಕೇಳಿದವನ ಹಣೆಬರಹಕ್ಕೆ ಬಿಟ್ಟ ಸಂಗತಿ.

ಯಾವ ಕಷ್ಟವಾದರೂ ಒಂದು ಕಾಗದ ಬರೆದರೆ ತೀರುತ್ತದೆ ಎಂದು ಆತ ಮನಸಾರೆ ನಂಬಿದ್ದ. ಆತ ಬರೆದ ಕಾಗದಗಳೆಲ್ಲ ಒಂದೇ ರೀತಿ ಮುಗಿಯುತ್ತಿದ್ದವು: ‘ಈ ಬಗ್ಗೆ ನಮ್ಮ ಯಾವುದೇ ತಕರಾರು ಇರುವುದಿಲ್ಲ.’ ಜಾತಿ ಪ್ರಮಾಣಪತ್ರದ ಅರ್ಜಿಗೂ ಅದೇ ಕೊನೆ, ಗೋಡೆ ಬಿದ್ದದ್ದಕ್ಕೆ ಪರಿಹಾರ ಕೇಳುವ ಅರ್ಜಿಗೂ ಅದೇ ಕೊನೆ. ತಕರಾರು ಇಲ್ಲದಿದ್ದರೆ ಅರ್ಜಿ ಯಾಕೆ ಎಂದು ಯಾವ ಸಾಹೇಬರೂ ಇದುವರೆಗೆ ಕೇಳಿಲ್ಲ.

ಇಂಥ ಮನುಷ್ಯನ ಮಗಳಿಗೆ ಮದುವೆ ಕೂಡಿಬಂತು. ಮಗಳು ವಿಜಯಶ್ರೀ, ಅರಕೇರಾದ ಪ್ರೌಢಶಾಲೆಯಲ್ಲಿ ಗಣಿತದ ಟೀಚರು. ವರ ಪೋತ್ನಾಳದ ಚನ್ನವೀರ, ಅಕ್ಕಿ ಗಿರಣಿಯ ಮನೆತನ. ಅಕ್ಷತೆಯ ಹೊತ್ತಿಗೆ ಉಡುವ ಸೀರೆಯನ್ನು ಗಂಡಿನವರು ತರಬೇಕು, ಅದಕ್ಕೆ ತೊಡುವ ರವಿಕೆಯನ್ನೂ, ಅಂದರೆ ಜಂಪರನ್ನೂ, ಅವರೇ ಹೊಲಿಸಬೇಕು ಎಂಬುದು ಎರಡೂ ಮನೆಗಳ ಪದ್ಧತಿ. ಹೆಣ್ಣಿನವರ ಪಾಲಿಗಿದ್ದ ಕೆಲಸ ಒಂದೇ, ಅಳತೆಗೆಂದು ಹುಡುಗಿಯ ಹಳೆಯ ಜಂಪರೊಂದನ್ನು ಮುಟ್ಟಿಸುವುದು. ಇಷ್ಟು ಹಗುರವಾದ ಕೆಲಸವನ್ನು ಶಂಭುಲಿಂಗಪ್ಪ ತಾನೇ ಮೈಮೇಲೆ ಹಾಕಿಕೊಂಡ.

ವರನ ತಾಯಿ ನೀಲಗಂಗಮ್ಮ ಫೋನ್ ಮಾಡಿದಳು. “ಬೀಗರ, ಮಾನ್ವ್ಯಾಗ ನಮ್ಮ ಟೇಲರ್ ಮೀರಾಹುಸೇನ ಅದಾನ. ಸೋಮವಾರ ಅಳತಿ ಜಂಪರ್ ತಗೊಂಡು ಬರ್ರಿ. ಹಂಗ ಹುಡುಗಿಗೆ ನೆಕ್ ಯಾವ್ದು ಬೇಕಂತ ಕೇಳಿಕೊಂಡು ಬರ್ರಿ.”

ಜಂಪರಿನ ನೆಕ್ಕಿನಲ್ಲಿ ಬಗೆಗಳಿವೆ ಎಂಬುದು ಶಂಭುಲಿಂಗಪ್ಪನಿಗೆ ಐವತ್ತಾರು ವರ್ಷದ ಬಾಳಿನಲ್ಲಿ ಮೊದಲ ಸಲ ತಿಳಿಯಿತು. ಆದರೂ ನಾಲಿಗೆ ತಡವರಿಸಲಿಲ್ಲ.

“ಕೇಳಾದೇನದರೀ ಅದರಾಗ? ಅಳತಿ ಜಂಪರಿಗೆ ಹೆಂಗ ಅದನೋ ಹಂಗ ಹೊಲಿಸಿಬಿಡ್ರಿ.”

ಕೇಳಬೇಕಾದವಳು ಅದೇ ಪಡಸಾಲೆಯಲ್ಲಿ, ಆತನಿಂದ ನಾಲ್ಕು ಮಾರು ದೂರದಲ್ಲಿ ಕೂತು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದಳು.

ಸೋಮವಾರ ಬೆಳಗ್ಗೆ ಹೆಂಡತಿ ಸುನಂದಾ ಅಡುಗೆಮನೆಯಿಂದಲೇ ಕೂಗಿ ಹೇಳಿದಳು: “ಮಂಚದ ಮ್ಯಾಲ ಹಸಿರು ಜಂಪರ್ ಇಟ್ಟೀನಿ, ತಗೊಂಡು ಹೋಗ್ರಿ.” ಮಂಚದ ಮೇಲೆ ಹಸಿರು ಜಂಪರು ಎರಡಿದ್ದವು. ಯಾವುದೋ ಸೀಮಂತದಲ್ಲಿ ಮನೆಯ ಹೆಂಗಸರಿಗೆಲ್ಲ ಒಂದೇ ಥಾನಿನ ಖಣ, ಜಂಪರಿನ ಬಟ್ಟೆ, ಕೊಟ್ಟಿದ್ದರ ಫಲ ಅದು. ಕೆಳಗಿದ್ದದ್ದು ವಿಜಯಶ್ರೀಯದು. ಈಗಷ್ಟೇ ಹಗ್ಗದಿಂದ ತೆಗೆದು ಮಡಚಿ ಮೇಲಿಟ್ಟದ್ದು ಸೂಗಮ್ಮನದು. ಬಸ್ಸಿಗೆ ಹೊತ್ತಾಗಿತ್ತು. ಶಂಭುಲಿಂಗಪ್ಪ ಮೇಲಿನದನ್ನು ಎತ್ತಿ ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಹೊರಟ.

ಸೂಗಮ್ಮ ಆತನ ತಂಗಿ. ಚೀಕಲಪರ್ವಿಗೆ ಕೊಟ್ಟಿದ್ದರು. ಮೂರು ವರ್ಷ ಬಾಳುವೆ ಮಾಡಿ, ಇಪ್ಪತ್ತೆರಡು ವರ್ಷದ ಕೆಳಗೆ ಆಸ್ಪತ್ರೆಯಿಂದ ನೇರವಾಗಿ ತವರಿಗೆ ಬಂದವಳು ಮತ್ತೆ ತಿರುಗಿ ಹೋಗಲಿಲ್ಲ. ಸ್ಟೋವ್ ಸಿಡಿಯಿತು ಎಂದು ಕಾಗದದಲ್ಲಿ ಬರೆದಿತ್ತು. ಅಂದಿನಿಂದ ಆಕೆ ತನ್ನ ಜಂಪರನ್ನು ತಾನೇ ಹೊಲಿದುಕೊಳ್ಳುತ್ತಿದ್ದಳು. ಕುತ್ತಿಗೆ ಪೂರ್ತಿ ಮುಚ್ಚಿ, ಮೇಲೆ ಗದ್ದದವರೆಗೆ ಎರಡು ಬೆರಳಗಲದ ಪಟ್ಟಿ, ಹಿಂದೆ ಮೂರು ಹುಕ್ಕು. ರಾಯಚೂರು ಸೀಮೆಯ ಬಿಸಿಲಿಗೆ ಕಾಗೆಗಳು ಬಾಯಿ ತೆರೆದು ಕೂರುವ ದಿನಗಳಲ್ಲೂ ಆಕೆ ಆ ಪಟ್ಟಿ ಸಡಿಲಿಸಿದ್ದನ್ನು ಮನೆಯಲ್ಲಿ ಯಾರೂ ಕಂಡವರಲ್ಲ. ಯಾಕೆ ಎಂದು ಕೇಳಿದವರೂ ಇಲ್ಲ.

ಮಾನ್ವಿಯಲ್ಲಿ ಮೀರಾಹುಸೇನನ ಅಂಗಡಿಗೆ ನೀಲಗಂಗಮ್ಮ ಮೊದಲೇ ಬಂದು ಕುರ್ಚಿ ಹಿಡಿದಿದ್ದಳು. ಮೀರಾಹುಸೇನ ಮೂವತ್ತು ವರ್ಷದಿಂದ ಮದುಮಗಳ ಜಂಪರು ಹೊಲಿದವನು. ಬಂದವರಿಗೆ ಮೊದಲು ಪಾಠ ಹೇಳದೆ ಟೇಪು ಮುಟ್ಟುವವನಲ್ಲ. ಗೋಡೆಯ ಮೇಲಿನ ಚಿತ್ರಗಳಿಗೆ ಅಳತೆಪಟ್ಟಿ ತಾಗಿಸುತ್ತ ಶುರುಮಾಡಿದ.

“ನೋಡ್ರಿ ಯಜಮಾನ್ರ, ಇದು ದುಂಡು ನೆಕ್, ಎಲ್ಲಾರಿಗೂ ನಡೀತದ. ಇದು ಪಾಟ್ ನೆಕ್, ಗಡಗಿ ಬಾಯಿ ಇದ್ದಂಗ. ಇದು ವಿ ನೆಕ್, ಗಿಡ್ಡ ಕುತಿಗಿ ಇದ್ರ ಸ್ವಲ್ಪ ಉದ್ದ ಕಾಣ್ತದ. ಇದು ಬೋಟ್ ನೆಕ್, ಈ ಭುಜದಿಂದ ಆ ಭುಜದ ತನಕ ಒಂದ ಗೆರಿ. ಭಾರೀ ಸರ ಹಾಕಾರು ಇದ್ರ ಇದು ಚೊಲೋ, ಬಂಗಾರ ಬಟ್ಟಿ ಮ್ಯಾಲ ಕೂಡ್ತದ. ಮತ್ತ ನಿಮ್ಮ ಮಂದಿಗೆ ಒಂದು ಮಾತು ಕೇಳಲೇಬೇಕ್ರಿ. ಲಿಂಗದ ಕರಡಿಗಿ ಜಂಪರಿನ ಒಳಗ ಇರ್ತದೋ ಹೊರಗೋ? ಒಳಗಂದ್ರ ನೆಕ್ಕಿನ ಆಳ ಎರಡು ಬಟ್ಟು ಕಮ್ಮಿ ಹಿಡೀತೀನಿ.”

“ಒಳಗ, ಹೊರಗ, ಎರಡೂ ಕಡಿ” ಎಂದ ಶಂಭುಲಿಂಗಪ್ಪ, ಬಲು ಗಂಭೀರವಾಗಿ.

ಮೀರಾಹುಸೇನ ಆತನನ್ನು ಒಂದು ಗಳಿಗೆ ದಿಟ್ಟಿಸಿದ. ಇನ್ನು ಇವರನ್ನು ಕೇಳಿ ಪ್ರಯೋಜನವಿಲ್ಲ ಎಂದು ಪೇಪರಿನ ಗಂಟು ತಾನೇ ಬಿಚ್ಚಿ ಜಂಪರನ್ನು ಮೇಜಿನ ಮೇಲೆ ಹರಡಿದ.

“ಇದೇನ್ರಿ ಬೀಗರ, ಕುತಿಗಿ ಪೂರಾ ಬಂದ್ ಅದ?” ಎಂದಳು ನೀಲಗಂಗಮ್ಮ.

“ನಮ್ಮ ಮನಿತನದಾಗ ಹಿಂಗಾರೀ, ಹಿಂದಿನಿಂದ ಬಂದ ಪದ್ಧತಿ” ಎಂದು ಶಂಭುಲಿಂಗಪ್ಪನ ಬಾಯಿ ರೂಢಿಯಂತೆ ಉತ್ತರ ಕೊಟ್ಟುಬಿಟ್ಟಿತು. ಆಮೇಲೆ ಆತ ಮೇಜಿನ ಕಡೆ ನೋಡಿದ.

ಆ ಪಟ್ಟಿ, ಆ ಮೂರು ಹುಕ್ಕು ಕಂಡೊಡನೆ ಯಾರದ್ದೆಂದು ತಿಳಿಯಿತು. ತಪ್ಪಿ ತಂಗಿಯ ಜಂಪರು ತಂದುಬಿಟ್ಟೆ ಎಂದರೆ ಮಾತು ಮುಗಿಯುತ್ತಿತ್ತು. ಆದರೆ ನಿಮ್ಮ ತಂಗಿಗೆ ಯಾಕೆ ಇಂಥ ಜಂಪರು ಎಂದು ಈ ಹೆಂಗಸು ಕೇಳದೆ ಬಿಡುವವಳಲ್ಲ. ಚೀಕಲಪರ್ವಿ ಬೇರೆ ಇದೇ ಮಾನ್ವಿ ತಾಲೂಕಿನ ಊರು. ಆತ ಗೋಡೆಯ ಮೇಲಿನ ಬೋಟ್ ನೆಕ್ಕನ್ನು ಆಸಕ್ತಿಯಿಂದ ನೋಡತೊಡಗಿದ.

“ಹೆಣ್ಣು ನೋಡಾಕ ಬಂದಾಗ ಎರಡೂ ಹೆಗಲಿಗೆ ಸೆರಗು ಹೊದ್ದು ಕುಂತಿದ್ಲು” ಎಂದಳು ನೀಲಗಂಗಮ್ಮ, ಒಂದೊಂದೇ ಶಬ್ದ ಎಣಿಸಿದಂತೆ. “ಕುತಿಗಿ ನಾವು ನೋಡೇ ಇಲ್ಲ.”

“ಇಂಥಾದ್ದು ಮಂದಿ ಚೆಂದಕ್ಕ ಹೊಲಿಸಲ್ರಿ...” ಎಂದು ಮೀರಾಹುಸೇನ ಅಂದವನು ನಾಲಿಗೆ ಕಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಹೋದ. ಅಂದ ಮಾತು ಅಂಗಡಿಯಲ್ಲೇ ಉಳಿಯಿತು.

ಸಂಜೆ ಮನೆಗೆ ಬಂದರೆ ಮಂಚದ ಮೇಲೆ ವಿಜಯಶ್ರೀಯ ಜಂಪರು ಹಾಗೇ ಇತ್ತು. ಪಕ್ಕದಲ್ಲಿ ಸುನಂದಾ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

“ಫೋನ್ ಮಾಡಿ ಹೇಳ್ರಿ, ಅದು ಸೂಗಮ್ಮಂದು ಅಂತ.”

“ಹೇಳಿದ್ರ ಅಕಿಗ್ಯಾಕ ಪಟ್ಟಿ ಅಂತ ಕೇಳ್ತಾರ.”

“ಸ್ಟೋವ್ ಸಿಡೀತು ಅಂತ ಹೇಳ್ರಿ. ಕಾಗದದಾಗ ಅದೇ ಅದಲ್ಲ?”

ಶಂಭುಲಿಂಗಪ್ಪ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಅಮಾವಾಸ್ಯೆ ಯಾವಾಗ ಎಂದು ಹುಡುಕಿದ. ಆ ಕಾಗದ ಬರೆದವನು ಆತನೇ. ಚೀಕಲಪರ್ವಿಯ ಹಿರಿಯರು ಸುತ್ತ ಕೂತು ಹೇಳಿದ್ದರು, ಆತ ತನ್ನ ದುಂಡನೆಯ ಅಕ್ಷರದಲ್ಲಿ ಬರೆದಿದ್ದ: ಸ್ಟೋವ್ ಸಿಡಿದು ಆಕಸ್ಮಿಕವಾಗಿ ಸುಟ್ಟುಕೊಂಡಿದ್ದು, ಯಾರ ಮೇಲೂ ನಮ್ಮ ಯಾವುದೇ ತಕರಾರು ಇರುವುದಿಲ್ಲ. ಕೆಳಗೆ ಸೂಗಮ್ಮನ ಹೆಬ್ಬೆಟ್ಟು. ಆಕೆಗೆ ಸಹಿ ಮಾಡಲು ಬರುತ್ತಿತ್ತು, ಆದರೆ ಆ ದಿನ ಪೆನ್ನು ಹಿಡಿಯಲು ಬೆರಳು ಮಡಚುತ್ತಿರಲಿಲ್ಲ. ಅಡುಗೆಮನೆಯಲ್ಲಿ ಸೂಗಮ್ಮ ರೊಟ್ಟಿ ಬಡಿಯುವ ಸಪ್ಪಳ ಈಗ ಸ್ವಲ್ಪ ಹೊತ್ತು ನಿಂತು ಮತ್ತೆ ಶುರುವಾಯಿತು.

ಇತ್ತ ಸುದ್ದಿ ನೀಲಗಂಗಮ್ಮನ ಜೊತೆಗೇ ಬಸ್ಸು ಹತ್ತಿ ಪೋತ್ನಾಳಕ್ಕೆ ಇಳಿದು, ಅಲ್ಲಿಂದ ಅಕ್ಕಿಮೂಟೆಯ ಲಾರಿಗಳ ಬೆನ್ನು ಹತ್ತಿ ಜಿಲ್ಲೆಯನ್ನೆಲ್ಲ ಸುತ್ತಿತು. ಮಂಗಳವಾರ ರಾಯಚೂರಿನಿಂದ ಷಡ್ಡಕ ಫೋನ್ ಮಾಡಿ, “ಹುಡುಗಿಗೆ ಥೈರಾಯ್ಡ್ ಅಂತಲ್ಲಾ, ಮದ್ಲ ಹೇಳಬಾರದೇನು?” ಎಂದು ಸಿಟ್ಟುಮಾಡಿದ. ಬುಧವಾರ ಪಕ್ಕದ ಮನೆಯಾಕೆ ಒಂದು ಸೀಸೆ ಎಣ್ಣೆ ತಂದು, “ತೊನ್ನಿಗೆ ಇದು ಭಾಳ ಚೊಲೋ, ನಲವತ್ತೊಂದು ದಿನ ಹಚ್ರಿ” ಎಂದು ಸುನಂದಾಳ ಕೈಗಿಟ್ಟು ಕಣ್ಣೊರೆಸಿಕೊಂಡಳು. ಗುರುವಾರ ಬೇವಿನ ಮರದ ಕೆಳಗೆ ಛಾಪಾ ಕಾಗದ ಮಾರುವ ಅಬ್ದುಲ್ ವಹೀದ್ ತಗ್ಗಿದ ದನಿಯಲ್ಲಿ ಕೇಳಿದ: “ಶಂಭಣ್ಣ, ನನಗ ನಂಬಿಕಿ ಇಲ್ಲಪಾ, ಆದ್ರ ಮಂದಿ ಅನ್ನಾಕತ್ತಾರ. ಕುತಿಗಿ ಮ್ಯಾಲ ಯಾವನೋ ಹುಡುಗನ ಹೆಸರು ಹಚ್ಚಿ ಹೊಡಿಸ್ಯಾಳಂತ?”

ಗಂಟು, ಬಿಳಿ ಕಲೆ, ಬಾವು, ಹಚ್ಚೆ ಎಲ್ಲ ಸೇರಿದರೆ ಒಂದು ಕುತ್ತಿಗೆಯಲ್ಲಿ ಅಷ್ಟಕ್ಕೆ ಜಾಗ ಎಲ್ಲಿದೆ ಎಂದು ಯಾರೂ ಲೆಕ್ಕ ಹಾಕಲಿಲ್ಲ. ಅರಕೇರಾದ ಶಾಲೆಯಲ್ಲಿ ಮಕ್ಕಳು ಬೋರ್ಡಿನ ಮೇಲಿನ ತ್ರಿಕೋನ ಬಿಟ್ಟು ಟೀಚರ ಗದ್ದದ ಕೆಳಗೆ ನೋಡುತ್ತಿದ್ದರು. ವಿಜಯಶ್ರೀ ಮನೆಗೆ ಬಂದು ಚೀಲ ಇಟ್ಟು, ಊಟ ಬೇಡ ಎಂದು ಮಲಗಿಬಿಡುತ್ತಿದ್ದಳು. ಪೋತ್ನಾಳದಿಂದ ಫೋನು ಬರುವುದು ನಿಂತಿತ್ತು. ಮದುವೆಗೆ ಹದಿನೆಂಟು ದಿನ ಉಳಿದಿದ್ದವು, ಅದು ನಡೆಯುತ್ತದೆಂಬ ಭರವಸೆ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ.

ಶಂಭುಲಿಂಗಪ್ಪ ಕೈಕಟ್ಟಿ ಕೂರಲಿಲ್ಲ. ಆತ ಕೈಕಟ್ಟಿ ಕೂತಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಮೊದಲು ಡಾಕ್ಟರ ಹತ್ತಿರ ಹೋಗಿ ಕುತ್ತಿಗೆಗೆ ಒಂದು ಸರ್ಟಿಫಿಕೇಟು ಬೇಕೆಂದ.

“ಕುತಿಗಿ ಎಲ್ಲಿ?” ಎಂದರು ಡಾಕ್ಟರು.

“ಸಾಲಿಗೆ ಹೋಗ್ಯದರೀ.”

“ನೋಡದ ನಾ ಹೆಂಗ ಬರೀಲಿ? ಕರಕೊಂಡು ಬಾ.”

ಮಗಳನ್ನು ಹೀಗೆಂದು ಕರೆಯುವ ಧೈರ್ಯ ಆತನಿಗಿರಲಿಲ್ಲ. ಮರದ ಕೆಳಗೆ ವಾಪಸು ಬಂದು, ಅಬ್ದುಲ್ ವಹೀದನಿಂದ ಒಂದು ಛಾಪಾ ಕಾಗದ ಇಸಿದುಕೊಂಡು, ತಾನೇ ಬರೆದ: ‘ನಾನು ಶಂಭುಲಿಂಗಪ್ಪ ತಂದೆ ಬಸಣ್ಣ, ಸಾಕಿನ್ ದೇವದುರ್ಗ, ಈ ಮೂಲಕ ಪ್ರಮಾಣೀಕರಿಸುವುದೇನೆಂದರೆ, ನನ್ನ ಮಗಳಾದ ಕುಮಾರಿ ವಿಜಯಶ್ರೀ ಇವಳ ಕುತ್ತಿಗೆಯು ಗದ್ದದಿಂದ ಹೆಗಲಿನವರೆಗೆ ಚತುಃಸೀಮೆಯಲ್ಲಿ ಯಾವುದೇ ಕಲೆ, ಗಂಟು, ಬಾವು, ಬರಹ ಇತ್ಯಾದಿಗಳಿಲ್ಲದೆ ಸುಸ್ಥಿತಿಯಲ್ಲಿದ್ದು, ಸದರಿ ಕುತ್ತಿಗೆಯ ಮೇಲೆ ಯಾರದೇ ತಕರಾರು ಇರುವುದಿಲ್ಲ.’ ನೋಟರಿಯ ಮುದ್ರೆ ಒತ್ತಿಸಿ, ಫೋಟೋ ತೆಗೆದು ಬೀಗರ ಮೊಬೈಲಿಗೆ ಕಳಿಸಿದ. ಎಷ್ಟೋ ದಿನದ ಮೇಲೆ ಆ ರಾತ್ರಿ ನಿದ್ದೆ ಮಾಡಿದ.

ಪೋತ್ನಾಳದ ಗಿರಣಿಯಲ್ಲಿ ಆ ಕಾಗದವನ್ನು ಮೂರು ಸಲ ಗಟ್ಟಿಯಾಗಿ ಓದಿಸಿದರಂತೆ. ಯಾರೂ ಕೇಳದೆ ಯಾವನೂ ಪ್ರಮಾಣ ಮಾಡುವುದಿಲ್ಲ, ಇದರಲ್ಲಿ ಏನೋ ಇದ್ದೇ ಇದೆ ಎಂದು ಎಲ್ಲರೂ ಒಮ್ಮತಕ್ಕೆ ಬಂದರು. ಭಾನುವಾರ ಹತ್ತು ಗಂಟೆಗೆ ಶಂಭುಲಿಂಗಪ್ಪನ ಮನೆಯ ಮುಂದೆ ಒಂದು ಜೀಪು ನಿಂತಿತು. ನೀಲಗಂಗಮ್ಮನೂ ಇನ್ನು ಮೂವರು ಹೆಂಗಸರೂ ತೆಂಗಿನಕಾಯಿ, ಹಣ್ಣು, ಖಣ ಹಿಡಿದು ಇಳಿದರು. ಹುಡುಗಿಗೆ ಉಡಿ ತುಂಬಲು ಬಂದಿದ್ದೇವೆ ಎಂದರು. ಉಡಿ ತುಂಬಲು ಬಾಗಿಲು ಹಾಕಿಕೊಳ್ಳುವ ಪದ್ಧತಿ ಎಲ್ಲೂ ಇಲ್ಲ, ಆದರೆ ಅವರು ವಿಜಯಶ್ರೀಯನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಚಿಲಕ ಹಾಕಿದರು. ಶಂಭುಲಿಂಗಪ್ಪ ಪಡಸಾಲೆಯಲ್ಲಿ ಕೂತು ಬಾಗಿಲ ಮೇಲಿನ ತೋರಣದ ಎಲೆಗಳನ್ನು ಎಣಿಸಿದ. ಹದಿಮೂರಿದ್ದವು.

ಬಾಗಿಲು ತೆರೆಯಿತು. ವಿಜಯಶ್ರೀ ಸೆರಗು ಸರಿಮಾಡಿಕೊಳ್ಳುತ್ತ ಬಂದು ಅಪ್ಪನ ಮುಂದೆ ನಿಂತಳು. ಆಕೆಯ ಕಣ್ಣುಗಳು ಕೆಂಪಾಗಿದ್ದವು.

“ನಾಲ್ಕು ಮಂದಿ ನೋಡಿದ್ರಪ್ಪಾ. ಒಬ್ಬಾಕಿ ಚಷ್ಮಾ ಹಾಕ್ಕೊಂಡು ನೋಡಿದ್ಲು. ಪಾಸಾಗೀನಂತ.”

ಇಷ್ಟು ಹೇಳಿ ಗೋಡೆಗೆ ಒರಗಿ ನಿಂತಳು. ಶಂಭುಲಿಂಗಪ್ಪನಿಗೆ ಭೂಮಿ ಬಾಯ್ಬಿಟ್ಟರೆ ಇಳಿದುಹೋಗೋಣ ಎನಿಸಿತು. ನೀಲಗಂಗಮ್ಮನ ಮುಖ ಮಾತ್ರ ಅರಳಿತ್ತು.

“ಬಂಗಾರದಂಥ ಕುತಿಗಿ ಅದರೀ ಬೀಗರ. ನಮ್ಮ ಮನಸ್ಸಿನ್ಯಾಗಿಂದು ಹೋತು. ಆದ್ರ ಒಂದು ಮಾತು ತಿಳೀಲಿಲ್ಲ. ಅಷ್ಟು ಚೊಲೋ ಕುತಿಗಿ ಇದ್ದು, ಆ ಜಂಪರ್ ಯಾರ್ದು?”

ಶಂಭುಲಿಂಗಪ್ಪ ಉತ್ತರಕ್ಕೆಂದು ಬಾಯಿ ತೆರೆದ. ಬೆಂಗಳೂರಿನ ಹೊಸ ಫ್ಯಾಷನ್ ಎನ್ನಬೇಕೆಂದಿದ್ದ. ಅಷ್ಟರಲ್ಲಿ ಸೂಗಮ್ಮ ಚಹಾದ ತಟ್ಟೆ ಹಿಡಿದು ಬಂದವಳು ಒಬ್ಬೊಬ್ಬರಿಗೂ ಕಪ್ಪು ಕೊಟ್ಟು, ತಟ್ಟೆಯನ್ನು ಕೆಳಗಿಟ್ಟು, ನೆಟ್ಟಗೆ ನಿಂತಳು.

“ನಂದ್ರಿ.”

ಆಕೆ ಎರಡೂ ಕೈಯನ್ನು ಹಿಂದಕ್ಕೆ ಒಯ್ದು ಹುಕ್ಕು ಬಿಚ್ಚಿದಳು. ಮೊದಲನೆಯದು, ಎರಡನೆಯದು, ಮೂರನೆಯದು. ಪಟ್ಟಿಯನ್ನು ಕೆಳಗೆ ಎಳೆದು ಹಿಡಿದಳು. ಗದ್ದದ ಬುಡದಿಂದ ಕೊರಳೆಲುಬಿನವರೆಗೆ ಚರ್ಮ ಮುದುಡಿ, ಒಂದಕ್ಕೊಂದು ಅಂಟಿ, ಕುತ್ತಿಗೆಯ ಆಕಾರವೇ ಇರಲಿಲ್ಲ. ಒಂದೇ ಮನೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದು ಶಂಭುಲಿಂಗಪ್ಪ ಅದನ್ನು ನೋಡಿದ್ದು ಅಂದೇ ಮೊದಲು. ನೀಲಗಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಯವ್ವಾ... ಹೆಂಗಾತವ್ವಾ ಇದು?”

“ನಮ್ಮಣ್ಣಗ ಕೇಳ್ರಿ. ಕಾಗದ ಬರದಾವ ಅವನ. ಅವಗ ಎಲ್ಲಾ ಗೊತ್ತಿರ್ತದ.” ಸೂಗಮ್ಮ ಅಣ್ಣನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಅಣ್ಣಾ, ಆ ಮನ್ಯಾಗ ಸ್ಟೋವ್ ಇತ್ತೇನು?”

ಎಲ್ಲರೂ ಶಂಭುಲಿಂಗಪ್ಪನ ಬಾಯಿ ನೋಡಿದರು. ಚೀಕಲಪರ್ವಿಯ ಆ ಅಡುಗೆಮನೆ ಆತನಿಗೆ ಚೆನ್ನಾಗಿ ನೆನಪಿತ್ತು. ಹಬ್ಬಕ್ಕೆ ಕರೆಯಲು ಹೋದಾಗಲೆಲ್ಲ ಅಲ್ಲೇ ಕೂತು ಬಿಸಿ ರೊಟ್ಟಿ ತಿಂದಿದ್ದ. ಮಣ್ಣಿನ ಎರಡು ಒಲೆ, ಮೂಲೆಯಲ್ಲಿ ಜಾಲಿ ಕಟ್ಟಿಗೆಯ ಹೊರೆ. ಸ್ಟೋವ್ ಎಂಬ ವಸ್ತುವನ್ನು ಆ ಮನೆಯವರು ಕೊಂಡಿರಲೇ ಇಲ್ಲ. ಬರೆಯುವಾಗಲೂ ಆತನಿಗೆ ಅದು ಗೊತ್ತಿತ್ತು.

ಆತ ಕೈಯಲ್ಲಿದ್ದ ಚಹಾ ಕುಡಿದ. ನಾಲಿಗೆ ಸುಟ್ಟಿತು, ಸುಟ್ಟಿತು ಎನ್ನಲೂ ಆಗಲಿಲ್ಲ. ಸೂಗಮ್ಮ ಹುಕ್ಕು ಹಾಕಿಕೊಂಡು, ಸಕ್ಕರೆ ಯಾರಿಗಾದರೂ ಕಡಿಮೆಯಾಯಿತೇ ಎಂದು ಕೇಳಿ, ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಜೀಪು ಹತ್ತುವಾಗ ನೀಲಗಂಗಮ್ಮ ಶಂಭುಲಿಂಗಪ್ಪನನ್ನು ಬದಿಗೆ ಕರೆದಳು. “ಮದುವಿ ನಡೀತದರೀ, ಚಿಂತಿ ಮಾಡಬ್ಯಾಡ್ರಿ. ಆದ್ರ ಅಕ್ಷತಿ ದಿನ ಸೂಗವ್ವಾರು ಬರಾದು ಬ್ಯಾಡ. ನಾಕು ಮಂದಿ ನಾಕು ಮಾತು ಕೇಳ್ತಾರ, ಶುಭ ಕಾರ್ಯದಾಗ ಅದ್ಯಾಕ? ಏನಂತೀರಿ?”

“ನಮ್ಮದೇನೂ ತಕರಾರಿಲ್ರಿ” ಎಂದ ಶಂಭುಲಿಂಗಪ್ಪ.

ಕಿಟಕಿಯ ಒಳಗೆ ನಿಂತಿದ್ದ ವಿಜಯಶ್ರೀ ಅದನ್ನು ಕೇಳಿಸಿಕೊಂಡಳು. ಮರುದಿನ ಅಪ್ಪನ ಫೋನಿನಿಂದಲೇ ಮಾನ್ವಿಗೆ ಕರೆ ಮಾಡಿದಳು.

“ಮೀರಾಹುಸೇನಣ್ಣ, ಮೈ ಅಳತಿಗೆ ನನ್ನ ಜಂಪರ್ ಬ್ಯಾರೆ ಕಳಸ್ತೀನಿ. ನೆಕ್ ಮಾತ್ರ ನಿಮ್ಮ ಹತ್ರ ಇದ್ದ ಜಂಪರಿಗೆ ಹೆಂಗ ಅದನೋ ಹಂಗ ಹೊಲೀರಿ.”

“ಯವ್ವಾ, ನಿನಗ ಮುಚ್ಚಾದು ಏನೂ ಇಲ್ಲಂತಲ್ಲವಾ?”

“ಏನೂ ಇಲ್ಲ. ನನಗ ಆ ನೆಕ್ ಬೇಕು.”

ಮದುವೆ ರಾಯಚೂರಿನ ಕಲ್ಯಾಣಮಂಟಪದಲ್ಲಿ ಆಯಿತು. ಏಪ್ರಿಲ್ ತಿಂಗಳು, ಫ್ಯಾನುಗಳು ಬೆಂಕಿಯನ್ನೇ ಬೀಸುತ್ತಿದ್ದವು. ಮದುಮಗಳು ಗದ್ದದವರೆಗೆ ಪಟ್ಟಿ ಬಿಗಿದುಕೊಂಡು ಬಂದದ್ದನ್ನು ಕಂಡು ನೀಲಗಂಗಮ್ಮನ ಮುಖ ಕಪ್ಪಿಟ್ಟಿತು, ಆದರೆ ನೆಂಟರ ಹೆಂಗಸರು ಸುತ್ತುವರಿದು, ಇದಾವ ನೆಕ್ಕು, ಎಲ್ಲಿ ಹೊಲಿಸಿದಿರಿ ಎಂದು ಕೇಳುತ್ತಿದ್ದುದರಿಂದ ನಗಲೇಬೇಕಾಯಿತು. ಶಂಭುಲಿಂಗಪ್ಪ ಇಡೀ ದಿನ ಬಾಗಿಲ ಬಳಿ ತಲೆ ತಗ್ಗಿಸಿ ನಿಂತು, ಬಂದವರ ಚಪ್ಪಲಿಗಳನ್ನು ನೋಡುತ್ತ ನಮಸ್ಕಾರ ಮಾಡಿದ. ಊಟದ ಮನೆ ಎಲ್ಲಿ ಎಂದು ಕೇಳಿದವರಿಗೆ ಕೈಕಾಲು ತೊಳೆಯುವ ಜಾಗ ತೋರಿಸಿದ. ಅಕ್ಷತೆ ಬೀಳುವಾಗ ಆತ ಎಸೆದ ಕಾಳು ಮುಂದಿನ ಸಾಲಿನ ಮುದುಕರ ಬೆನ್ನ ಮೇಲೆ ಬಿದ್ದವು.

ಮರುದಿನ ಬೆಳಗ್ಗೆ, ಸುನಂದಾ ಮಗಳನ್ನು ಬಿಟ್ಟುಬರಲು ಪೋತ್ನಾಳಕ್ಕೆ ಹೋಗಿದ್ದರಿಂದ, ಆತ ಒಬ್ಬನೇ ಹೋಳಿಗೆಯ ಡಬ್ಬಿ ಹಿಡಿದು ದೇವದುರ್ಗಕ್ಕೆ ಬಂದ. ಸೂಗಮ್ಮ ಅಂಗಳ ಸಾರಿಸಿ, ರಂಗೋಲಿ ಹಾಕಿ, ಮದುವೆ ಇದೇ ಮನೆಯಲ್ಲಿ ನಡೆದಿತ್ತೇನೋ ಎಂಬಂತೆ ಹೊಸ್ತಿಲಿಗೆ ಹೂವಿಟ್ಟು ಕಟ್ಟೆಯ ಮೇಲೆ ಕೂತಿದ್ದಳು. ಡಬ್ಬಿಯನ್ನು ಆಕೆಯ ಕೈಗೆ ಕೊಟ್ಟು ಶಂಭುಲಿಂಗಪ್ಪ ಅಲ್ಲೇ ನಿಂತ.

“ಅಕಿಗೆ ಜಂಪರ್ ಹೆಂಗ ಕಾಣತಿತ್ತಣ್ಣಾ?”

“ಸ್ಟೋವ್ ಇದ್ದಿಲ್ಲ” ಎಂದ ಶಂಭುಲಿಂಗಪ್ಪ.

ಸೂಗಮ್ಮ ಡಬ್ಬಿಯ ಮುಚ್ಚಳ ತೆಗೆದಳು. ಹೋಳಿಗೆಗಳು ಬಿಸಿಲಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದನ್ನು ಹರಿಯದಂತೆ ಬಿಡಿಸುತ್ತ, ತಲೆ ಎತ್ತದೆ ಹೇಳಿದಳು:

“ಅದು ನನಗ ಗೊತ್ತದ. ನಾ ಕೇಳಿದ್ದು ಜಂಪರ್.”

ಶಂಭುಲಿಂಗಪ್ಪ ನೆನಪು ಮಾಡಿಕೊಳ್ಳಲು ನೋಡಿದ. ಚಪ್ಪಲಿಗಳು ನೆನಪಾದವು, ಮುದುಕರ ಬೆನ್ನು ನೆನಪಾಯಿತು. ಮಗಳ ಕುತ್ತಿಗೆಯವರೆಗೆ ಆತ ಒಮ್ಮೆಯೂ ತಲೆ ಎತ್ತಿರಲಿಲ್ಲ.

“ಗೊತ್ತಿಲ್ಲ” ಎಂದ.